ಟೈರು ಸರಪಳಿ

ಟೈರು ಸರಪಳಿ ಅಥವಾ ಹಿಮ ಸರಪಳಿ ಎಂಬುದು ಹಿಮ, ಮಂಜುಗಡ್ಡೆ ಅಥವಾ ಕೆಸರಿನ ಮೇಲೆ ವಾಹನದ ಚಕ್ರಗಳು ಜಾರದಂತೆ ಟೈರಿನ ಸುತ್ತ ತೊಡಿಸುವ ಸಾಧನ. ಸಾಮಾನ್ಯವಾಗಿ ಇದನ್ನು ಉಕ್ಕಿನಿಂದ ಮಾಡಲಾಗುತ್ತದೆ; ರಬ್ಬರು ಅಥವಾ ಪಾಲಿಯುರಿಥೇನಿನಿಂದ ಮಾಡಿದವೂ ಇವೆ. ಕಾರು, ಲಾರಿ, ಟ್ರ್ಯಾಕ್ಟರುಗಳಲ್ಲದೆ, ಎಲ್ಲ ಬಗೆಯ ನೆಲದ ಮೇಲೂ ಓಡುವ ನಾಲ್ಕು ಚಕ್ರದ ಚಿಕ್ಕ ವಾಹನಗಳಿಗೂ (ಎಟಿವಿ) ಟೈರು ಸರಪಳಿಗಳನ್ನು ತೊಡಿಸುತ್ತಾರೆ. ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳಲ್ಲಿ ಎಟಿವಿಯ ಮುಂಭಾಗಕ್ಕೆ ಉಕ್ಕಿನ ಬ್ಲೇಡು ಕಟ್ಟಿ ಮನೆಯಂಗಳ ಮತ್ತು ಓಣಿಗಳ ಹಿಮವನ್ನು ತಳ್ಳುವುದು ರೂಢಿ. ಆ ಕೆಲಸದಲ್ಲಿ ವಾಹನದ ಎಂಜಿನ್ನಿಗಿಂತ ಮೊದಲು ಸೋಲುವುದು ಟೈರಿನ ಹಿಡಿತ. ಆದ್ದರಿಂದ ಸರಪಳಿಯ ಆಯ್ಕೆ ಮುಖ್ಯವಾಗುತ್ತದೆ. ಅಳತೆ ತಪ್ಪಿದ ಸರಪಳಿಯು ಉಪಯೋಗಕ್ಕೆ ಬಾರದಿರುವುದಷ್ಟೇ ಅಲ್ಲ, ಬ್ರೇಕಿನ ಕೊಳವೆಯನ್ನೇ ಹರಿಯಬಲ್ಲದು.

ಇತಿಹಾಸ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಎಂಬ ಊರಿನ ಹ್ಯಾರಿ ಡಿ. ವೀಡ್ ಎಂಬಾತ ಗಾಳಿ ತುಂಬಿದ ಟೈರುಗಳಿಗೆ ತೊಡಿಸುವ ಸರಪಳಿಗೆ 1904ರ ಆಗಸ್ಟ್ 23ರಂದು ಪೇಟೆಂಟ್ ಪಡೆದನು. ಅದಕ್ಕೆ ಮೊದಲು ವಾಹನ ಚಾಲಕರು ಕೆಸರಿನಲ್ಲಿ ಸಿಕ್ಕಿಕೊಂಡಾಗ ಚಕ್ರಕ್ಕೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತುತ್ತಿದ್ದರು. ಇದನ್ನು ಕಂಡೇ ವೀಡ್‌ಗೆ ಈ ಆಲೋಚನೆ ಹೊಳೆಯಿತೆಂದು ಹೇಳಲಾಗುತ್ತದೆ. ಎರಡು ಪಕ್ಕಗಳಲ್ಲಿ ಎರಡು ಉದ್ದ ಸರಪಳಿಗಳು, ಅವುಗಳನ್ನು ಜೋಡಿಸುವ ಅಡ್ಡ ಸರಪಳಿಗಳು ಎಂಬ ಮೂಲ ವಿನ್ಯಾಸವು ಇಂದಿಗೂ ಹೆಚ್ಚು ಬದಲಾಗಿಲ್ಲ.

ಕರ್ನಾಟಕದಲ್ಲಿ ಬಳಕೆ

ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ. ಆದರೂ ಟೈರಿಗೆ ಸರಪಳಿ ಕಟ್ಟುವ ರೂಢಿ ಇಲ್ಲಿ ಹೊಸದೇನಲ್ಲ. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತೋಟದ ರಸ್ತೆಗಳೂ ಕಾಡಂಚಿನ ಮನೆಗಳ ದಾರಿಗಳೂ ಕೆಸರಾಗಿ ಜೀಪುಗಳ ಚಕ್ರ ನಿಂತಲ್ಲೇ ತಿರುಗತೊಡಗುತ್ತದೆ. ಆಗ ಚಾಲಕರು ಜೀಪಿನ ಹಿಂದಿನ ಚಕ್ರಗಳಿಗೆ ಸರಪಳಿ ತೊಡಿಸುತ್ತಾರೆ. ಆಡುಮಾತಿನಲ್ಲಿ ಇದನ್ನು ‘ಚೈನು ಕಟ್ಟುವುದು’ ಎನ್ನುತ್ತಾರೆ. ಕೊಡಚಾದ್ರಿಯ ಏರುದಾರಿಯಲ್ಲಿ ಪ್ರವಾಸಿಗರನ್ನು ಒಯ್ಯುವ ಜೀಪುಗಳಲ್ಲಿಯೂ ಮಳೆಗಾಲದಲ್ಲಿ ಇದನ್ನು ಕಾಣಬಹುದು. ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವ್ಹೀಲ್ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ: ಮೃದುವಾದ ಮೇಲ್ಪದರವನ್ನು ಕಡಿದು ಕೆಳಗಿನ ಗಟ್ಟಿ ಪದರದಲ್ಲಿ ಊರು ಪಡೆಯುವುದು. ಮಲೆನಾಡಿನ ಚಾಲಕನಿಗೆ ಹಿಮ ಸರಪಳಿಯ ಬಗ್ಗೆ ಹೊಸದಾಗಿ ಕಲಿಯಬೇಕಾದುದು ಬಹಳವಿಲ್ಲ.

ಬೆಂಗಳೂರಿನಲ್ಲಿ ಈ ಸಾಧನದ ಬಳಕೆ ಇಲ್ಲದಿದ್ದರೂ ನಗರದ ದಂಡು ಪ್ರದೇಶ ಮತ್ತು ಪೂರ್ವ ಭಾಗಕ್ಕೆ ಹಿಮದ ನಂಟು ಬೇರೆ ದಾರಿಯಿಂದ ಬಂದಿದೆ. ಭಾರತೀಯ ಸೇನೆಯ ಎಂಜಿನಿಯರುಗಳ ದಳದ ಮೂರು ಗುಂಪುಗಳಲ್ಲೊಂದಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ (ಮದ್ರಾಸ್ ಸ್ಯಾಪರ್ಸ್) ಕೇಂದ್ರವು ಹಲಸೂರಿನಲ್ಲಿದೆ. ಇಲ್ಲಿ ತರಬೇತಿ ಪಡೆದ ಯೋಧರು ದೇಶದ ಹಿಮಾವೃತ ಗಡಿಗಳಲ್ಲಿಯೂ ರಸ್ತೆ, ಸೇತುವೆಗಳ ಕೆಲಸ ಮಾಡುತ್ತಾರೆ. ಇನ್ನೊಂದು ನಂಟು ಪ್ರವಾಸದ್ದು. ಬೆಂಗಳೂರಿನಿಂದ ಮನಾಲಿಗೆ ರಸ್ತೆಯಲ್ಲಿ ಸುಮಾರು 2,700 ಕಿಲೋಮೀಟರು. ಇಂದಿರಾನಗರದ ಕೆಎ-03, ಕೆ.ಆರ್. ಪುರದ ಕೆಎ-53 ಫಲಕದ ವಾಹನಗಳು ಅಷ್ಟು ದೂರ ಓಡಿ ಹೋಗುವುದುಂಟು. ಮೂರನೆಯದು, ಇದೇ ಬಡಾವಣೆಗಳಿಂದ ಕೆನಡಾಕ್ಕೋ ಅಮೆರಿಕದ ಉತ್ತರದ ರಾಜ್ಯಗಳಿಗೋ ಹೋಗಿ ನೆಲೆಸಿದ ಕುಟುಂಬಗಳದು. ಅಲ್ಲಿ ಮನೆಯೆದುರಿನ ಹಿಮವನ್ನು ತೆಗೆಯುವುದು ಮನೆಯವರದೇ ಹೊಣೆ. ಮೊದಲ ಚಳಿಗಾಲದಲ್ಲಿ ಸಲಿಕೆಯಿಂದ ಆರಂಭಿಸಿದವರು, ಅಂಗಳ ದೊಡ್ಡದಿದ್ದರೆ, ಯಂತ್ರದ ಕಡೆಗೆ ತಿರುಗುತ್ತಾರೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೇಸಿಗೆಗಾಗಿ ಮಾಡಿದ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ (13 ಜನವರಿ 1884). ಅಂದರೆ ಬೆಂಗಳೂರಿನ ಚಾಲಕನು ತನ್ನ ಊರಿನಲ್ಲಿ ಎಷ್ಟೇ ವರ್ಷ ವಾಹನ ಓಡಿಸಿದ್ದರೂ, ಟೈರು ಚಳಿಗೆ ಗಡುಸಾದಾಗ ಹೇಗೆ ವರ್ತಿಸುತ್ತದೆ ಎಂಬುದನ್ನು ಕಂಡಿರಲಾರನು.

ಹಿಡಿತದ ಲೆಕ್ಕ

ಟೈರು ನೆಲವನ್ನು ಹಿಡಿಯುವ ಬಲವು ಚಕ್ರದ ಮೇಲಿನ ಭಾರ ಮತ್ತು ಘರ್ಷಣಾಂಕಗಳ ಗುಣಲಬ್ಧ. ಒಣ ಡಾಂಬರಿನ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು 0.7ರಿಂದ 0.8, ಒತ್ತಿ ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3; ಮಂಜುಗಡ್ಡೆಯ ಮೇಲೆ ಸುಮಾರು 0.1. ಎಟಿವಿಯ ತೂಕ 350 ಕಿಲೋಗ್ರಾಂ, ಸವಾರನದು 80 ಎಂದುಕೊಂಡರೆ ಒಟ್ಟು 430 ಕಿಲೋಗ್ರಾಂ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆತರೂ ಮಂಜುಗಡ್ಡೆಯ ಮೇಲೆ ಅದು ತಳ್ಳಬಲ್ಲುದು ಹೆಚ್ಚೆಂದರೆ 43 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮಾತ್ರ. ಎರಡೇ ಚಕ್ರಗಳು ಎಳೆಯುವುದಾದರೆ ಅದರಲ್ಲಿಯೂ ಅರ್ಧ.

ಈಗ ತಳ್ಳಬೇಕಾದ ಭಾರವನ್ನು ನೋಡಬಹುದು. ಹತ್ತು ಮೀಟರು ಉದ್ದ, ಮೂರು ಮೀಟರು ಅಗಲದ ಅಂಗಳದಲ್ಲಿ 20 ಸೆಂಟಿಮೀಟರು ಹಿಮ ಬಿದ್ದರೆ ಅದು ಆರು ಘನ ಮೀಟರು. ಆಗಷ್ಟೇ ಬಿದ್ದ ಹಗುರ ಹಿಮವು ಘನ ಮೀಟರಿಗೆ 100 ಕಿಲೋಗ್ರಾಂ ಎಂದು ಹಿಡಿದರೆ ಒಟ್ಟು 600 ಕಿಲೋಗ್ರಾಂ. ಅದೇ ಹಿಮ ಹಸಿಯಾಗಿ ಕುಗ್ಗಿ 300 ಕಿಲೋಗ್ರಾಂ ಸಾಂದ್ರತೆಗೆ ಬಂದಾಗ ಅಷ್ಟೇ ಗಾತ್ರದ ರಾಶಿ 1,800 ಕಿಲೋಗ್ರಾಂ ತೂಗುತ್ತದೆ. ಈ ಭಾರವೆಲ್ಲ ಒಮ್ಮೆಲೇ ಬ್ಲೇಡಿನ ಮುಂದೆ ಬರುವುದಿಲ್ಲ. ಆದರೆ ಒಂದು ಸಾಲಿನ ಕೊನೆಯಲ್ಲಿ ಅದರ ಗಣನೀಯ ಭಾಗ ಬಂದೇ ಬರುತ್ತದೆ. ಚಕ್ರ ತಿರುಗುತ್ತ ವಾಹನ ನಿಂತುಬಿಡುವುದು ಅಲ್ಲಿಯೇ. ಸರಪಳಿಯ ಅಡ್ಡ ಕೊಂಡಿಗಳು ಕಡಿಮೆ ಜಾಗದಲ್ಲಿ ಹೆಚ್ಚು ಒತ್ತಡ ಹಾಕಿ ಹಿಮವನ್ನೂ ಮಂಜುಗಡ್ಡೆಯನ್ನೂ ಕಚ್ಚಿ ಹಿಡಿಯುವುದರಿಂದ ಈ ಮಿತಿ ಮೇಲೇರುತ್ತದೆ.

ವಿಧಗಳು

ಅಡ್ಡ ಸರಪಳಿಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಏಣಿ ಮಾದರಿಯು ಅಗ್ಗದ್ದು, ದುರಸ್ತಿಗೂ ಸುಲಭ. ಇದರಲ್ಲಿ ಎರಡು ಕೊಂಡಿಗೊಂದು ಅಥವಾ ನಾಲ್ಕು ಕೊಂಡಿಗೊಂದು ಅಡ್ಡ ಸರಪಳಿ ಇರುವ ಎರಡು ಬಗೆಗಳಿವೆ. ನಾಲ್ಕು ಕೊಂಡಿಯ ಅಂತರದ ಸರಪಳಿಯು ಹಗುರ, ಅಗ್ಗ. ಆದರೆ ಎರಡು ಅಡ್ಡ ಸರಪಳಿಗಳ ನಡುವೆ ಬರಿಯ ಟೈರು ನೆಲ ಮುಟ್ಟುವುದರಿಂದ ಹಿಡಿತ ಬಿಟ್ಟು ಬಿಟ್ಟು ಬರುತ್ತದೆ, ಸವಾರನಿಗೆ ಕುಲುಕಾಟ ಹೆಚ್ಚು. ಎಟಿವಿಯ ಚಿಕ್ಕ ಚಕ್ರಕ್ಕೆ ಎರಡು ಕೊಂಡಿಯ ಅಂತರವೇ ಲೇಸು.

ಎರಡನೆಯದು ವಜ್ರಾಕೃತಿಯ ಮಾದರಿ. ಇದರಲ್ಲಿ ಸರಪಳಿಗಳು ಓರೆಯಾಗಿ ಹೆಣೆದುಕೊಂಡು ಬಲೆಯಂತಿರುತ್ತವೆ. ಚಕ್ರ ಎಷ್ಟೇ ತಿರುಗಿದರೂ ಉಕ್ಕು ನೆಲದ ಸಂಪರ್ಕದಲ್ಲಿರುತ್ತದೆ. ಏಣಿ ಮಾದರಿಯು ಮುಂದೆ ಹಿಂದೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ವಜ್ರಾಕೃತಿಯದು ಪಕ್ಕಕ್ಕೆ ಜಾರುವುದನ್ನೂ ತಡೆಯುತ್ತದೆ. ಹಿಮ ತಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಬ್ಲೇಡನ್ನು ಓರೆಯಾಗಿಟ್ಟು ಹಿಮವನ್ನು ಒಂದು ಬದಿಗೆ ಸರಿಸುವಾಗ ಅದೇ ಬಲವು ವಾಹನದ ಮೂತಿಯನ್ನು ಎದುರು ಬದಿಗೆ ನೂಕುತ್ತಿರುತ್ತದೆ.

ಕೊಂಡಿಗಳ ಮೇಲೆ ಉಕ್ಕಿನ ಚೂಪಾದ ತುಂಡನ್ನು ಬೆಸೆದ ‘ವಿ-ಬಾರ್’ ಸರಪಳಿಗಳು ಗಟ್ಟಿ ಮಂಜುಗಡ್ಡೆಗೆ ಹೇಳಿ ಮಾಡಿಸಿದವು. ಬರಿ ಕಾಂಕ್ರೀಟಿನ ಮೇಲೆ ಅವು ಗೀರು ಬೀಳಿಸುತ್ತವೆ. ಅಂಗಳಕ್ಕೆ ಹೆಂಚು ಅಥವಾ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದರೆ ಇವನ್ನು ಬಳಸದಿರುವುದೇ ಒಳ್ಳೆಯದು. ರಬ್ಬರು ಮತ್ತು ಪಾಲಿಯುರಿಥೇನ್ ಸರಪಳಿಗಳು ನೆಲಕ್ಕೆ ಹಾನಿ ಮಾಡುವುದಿಲ್ಲ, ಸದ್ದೂ ಕಡಿಮೆ. ಗಟ್ಟಿ ಮಂಜುಗಡ್ಡೆಯ ಮೇಲೆ ವಿ-ಬಾರ್‌ನಷ್ಟು ಕಚ್ಚುವುದಿಲ್ಲ.

ಎಟಿವಿಗೆ ಆಯ್ಕೆ

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವುದು ಹೆಚ್ಚು ಬಲವಾದ ಸರಪಳಿ’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದುದು ‘ನನ್ನ ಟೈರಿನ ಸುತ್ತ ಎಷ್ಟು ಜಾಗವಿದೆ’ ಎಂಬುದು.

ಅಳತೆಯನ್ನು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಗಳಿಂದ ಓದಬೇಕು. ಉದಾಹರಣೆಗೆ 25×10-12 ಎಂದಿದ್ದರೆ ಟೈರಿನ ಒಟ್ಟು ವ್ಯಾಸ 25 ಅಂಗುಲ, ಅಗಲ 10 ಅಂಗುಲ, ರಿಮ್ಮಿನ ವ್ಯಾಸ 12 ಅಂಗುಲ. ಅನೇಕ ಎಟಿವಿಗಳಲ್ಲಿ ಮುಂದಿನ ಟೈರು ಕಿರಿದಾಗಿಯೂ ಹಿಂದಿನದು ಅಗಲವಾಗಿಯೂ ಇರುತ್ತದೆ, ಮುಂದೆ 25×8-12, ಹಿಂದೆ 25×10-12 ಎಂಬಂತೆ. ಆದ್ದರಿಂದ ಎರಡು ಜೊತೆ ಕೊಳ್ಳುವವರು ಎರಡು ಬೇರೆ ಅಳತೆಗಳನ್ನು ಬರೆದುಕೊಳ್ಳಬೇಕಾಗಬಹುದು. ಒಂದೇ ಸಂಖ್ಯೆಯ ಟೈರುಗಳು ಕೂಡ ತಯಾರಕರಿಂದ ತಯಾರಕರಿಗೆ ಸ್ವಲ್ಪ ಹಿಗ್ಗು ಕುಗ್ಗು ತೋರುತ್ತವೆ. ಸವೆದ ಟೈರು ಇನ್ನೂ ಚಿಕ್ಕದಾಗಿರುತ್ತದೆ. ಟೈರಿನ ನೆತ್ತಿಯ ಸುತ್ತ ದಾರ ಹಿಡಿದು ಸುತ್ತಳತೆ ನೋಡಿಕೊಂಡರೆ ಮೋಸವಾಗುವುದಿಲ್ಲ.

ಮುಂದಿನದು ತೆರಪು. ಸವಾರ ಕುಳಿತು ಸಸ್ಪೆನ್ಷನ್ ಕೆಳಗಿಳಿದಾಗ, ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ, ಟೈರಿಗೂ ಅದರ ಒಳಬದಿಯ ಭಾಗಗಳಿಗೂ ನಡುವೆ ಉಳಿಯುವ ಜಾಗವನ್ನು ಅಳೆಯಬೇಕು. ಮುಂದಿನ ಚಕ್ರದ ಒಳಬದಿಯಲ್ಲಿ ಸಸ್ಪೆನ್ಷನ್ನಿನ ತೋಳುಗಳು, ಸ್ಟಿಯರಿಂಗ್ ಸರಳು, ಬ್ರೇಕಿನ ಕೊಳವೆ, ಆಕ್ಸಲ್ ಕೀಲನ್ನು ಮುಚ್ಚುವ ರಬ್ಬರ್ ಬೂಟು ಇವೆಲ್ಲ ಇಕ್ಕಟ್ಟಾಗಿ ಸೇರಿಕೊಂಡಿರುತ್ತವೆ. ಸರಪಳಿಯ ದಪ್ಪದ ಮೇಲೆ ಕನಿಷ್ಠ ಒಂದು ಬೆರಳು ಹೆಚ್ಚು ಜಾಗ ಇಲ್ಲದಿದ್ದರೆ ಅಲ್ಲಿ ಸರಪಳಿ ತೊಡಿಸಬಾರದು. ಚಕ್ರ ತಿರುಗುವಾಗ ಸರಪಳಿ ಹೊರಕ್ಕೆ ಹಿಗ್ಗುತ್ತದೆ. ನಿಂತಾಗ ಅಳೆದ ತೆರಪು ಓಡುವಾಗ ಇರುವುದಿಲ್ಲ. ಹರಿದ ರಬ್ಬರ್ ಬೂಟಿನೊಳಗೆ ನೀರು, ಮರಳು ಸೇರಿ ಆಕ್ಸಲ್ ಕೆಡುವುದು ವಸಂತದಲ್ಲಿ ತಿಳಿಯುತ್ತದೆ. ಬ್ರೇಕಿನ ಕೊಳವೆ ಹರಿದರೆ ಮುಂದಿನ ಇಳಿಜಾರಿನಲ್ಲಿಯೇ ತಿಳಿಯುತ್ತದೆ. ಚಕ್ರವನ್ನು ಹೊರಕ್ಕೆ ಸರಿಸುವ ಸ್ಪೇಸರ್‌ಗಳು ಮಾರುಕಟ್ಟೆಯಲ್ಲಿವೆ. ಅವು ಬೇರಿಂಗಿನ ಮೇಲಿನ ಹೊರೆ ಹೆಚ್ಚಿಸುತ್ತವೆ ಎಂಬುದನ್ನು ಮರೆಯಬಾರದು.

ಎಟಿವಿಯ ಟೈರುಗಳು ಕಾರಿನ ಟೈರುಗಳಂತಲ್ಲ. ಅವುಗಳಲ್ಲಿ ಗಾಳಿಯ ಒತ್ತಡ ಬಹಳ ಕಡಿಮೆ, ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು. ಮೇಲ್ಮೈಯಲ್ಲಿ ಎತ್ತರದ, ಬಿಡಿಬಿಡಿಯಾದ ಉಬ್ಬುಗಳಿರುತ್ತವೆ. ಏಣಿ ಮಾದರಿಯ ತೆಳು ಅಡ್ಡ ಸರಪಳಿಯು ಎರಡು ಉಬ್ಬುಗಳ ನಡುವಿನ ಸಂದಿಯಲ್ಲಿ ಕುಸಿದು ಕುಳಿತರೆ ಅದು ನೆಲವನ್ನೇ ಮುಟ್ಟುವುದಿಲ್ಲ. ಕೊಂಡವರಿಗೆ ಸರಪಳಿ ಇದ್ದೂ ಏಕೆ ಜಾರುತ್ತಿದೆ ಎಂದು ಅರ್ಥವಾಗದಿರುವುದು ಈ ಕಾರಣದಿಂದ. ಆಳವಾದ ಉಬ್ಬುಗಳ ಟೈರಿಗೆ ವಜ್ರಾಕೃತಿಯ ಅಥವಾ ಎರಡು ಕೊಂಡಿ ಅಂತರದ ವಿ-ಬಾರ್ ಸರಪಳಿಯನ್ನು ಆರಿಸಬೇಕು. ಗಾಳಿ ಕಡಿಮೆಯಿರುವ ಟೈರು ಭಾರಕ್ಕೆ ಅಪ್ಪಚ್ಚಿಯಾಗುವುದರಿಂದ ಸರಪಳಿ ಸಡಿಲವಾಗುವುದೂ ಬೇಗ. ಆದಕಾರಣ ಕ್ಯಾಮ್‌ಗಳನ್ನು ತಿರುಗಿಸಿ ಬಿಗಿಮಾಡುವ ವ್ಯವಸ್ಥೆ ಅಥವಾ ಹೊರಬದಿಗೆ ಹಾಕುವ ರಬ್ಬರಿನ ಬಿಗಿಪಟ್ಟಿ ಎಟಿವಿಗೆ ಐಚ್ಛಿಕವಲ್ಲ, ಅಗತ್ಯ.

ಒಂದು ಜೊತೆಯೋ ಎರಡು ಜೊತೆಯೋ ಎಂಬುದು ಹಣಕ್ಕಿಂತ ನೆಲದ ಪ್ರಶ್ನೆ. ಸಮತಟ್ಟಾದ ಅಂಗಳಕ್ಕೆ ಹಿಂದಿನ ಚಕ್ರಗಳಿಗೆ ಒಂದು ಜೊತೆ ಹಲವು ಬಾರಿ ಸಾಕಾಗುತ್ತದೆ. ಹಿಂದೆ ತೆರಪೂ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆದರೆ ಬ್ಲೇಡನ್ನು ಮೇಲೆತ್ತಿದಾಗ ಅದರ ಭಾರ ಮುಂದಕ್ಕೆ ಬಿದ್ದು ಹಿಂಭಾಗ ಹಗುರವಾಗುತ್ತದೆ. ಹಿಂದಿನ ಕ್ಯಾರಿಯರ್ ಮೇಲೆ, ತಯಾರಕರು ಸೂಚಿಸಿದ ಮಿತಿಯೊಳಗೆ, ಮರಳಿನ ಚೀಲ ಇಟ್ಟರೆ ಸರಪಳಿಗೆ ಒತ್ತಡ ದೊರೆಯುತ್ತದೆ. ಸಿಕ್ಕಿಕೊಂಡಾಗ ಆ ಮರಳನ್ನೇ ಚಕ್ರದ ಕೆಳಗೆ ಚೆಲ್ಲಲೂಬಹುದು. ಇಳಿಜಾರಿನಲ್ಲಿ ಮಾತು ಬೇರೆ. ಮುಂದೆ ಮಾತ್ರ ಸರಪಳಿಯಿದ್ದು ಇಳಿಯುವಾಗ ಬ್ರೇಕು ಹಾಕಿದರೆ ಮುಂಭಾಗ ನಿಲ್ಲುತ್ತದೆ, ಹಿಂಭಾಗ ಜಾರಿ ತಿರುಗಿಬಿಡುತ್ತದೆ. ಹಿಂದೆ ಮಾತ್ರ ಇದ್ದರೆ ಹ್ಯಾಂಡಲ್ ತಿರುಗಿಸಿದರೂ ವಾಹನ ನೇರಕ್ಕೇ ಹೋಗಬಹುದು. ಇಳಿಜಾರಿನ ಕೊನೆಯಲ್ಲಿ ರಸ್ತೆಯೋ ಕೊಳವೋ ಇದ್ದರೆ ನಾಲ್ಕೂ ಚಕ್ರಗಳಿಗೆ ಸರಪಳಿ ಬೇಕು. ಮುಂದೆ ತೆರಪಿಲ್ಲದ ವಾಹನವನ್ನು ಅಂಥ ಜಾಗದಲ್ಲಿ ಈ ಕೆಲಸಕ್ಕೆ ಬಳಸಬಾರದು.

ಅಳವಡಿಕೆ ಮತ್ತು ಪಾಲನೆ

ಸರಪಳಿಯನ್ನು ನೆಲದ ಮೇಲೆ ಬಿಡಿಸಿಟ್ಟು ತಿರುಚುಗಳನ್ನು ತೆಗೆಯಬೇಕು. ಅಡ್ಡ ಸರಪಳಿಯ ಕೊಕ್ಕೆಗಳ ತೆರೆದ ಬಾಯಿ ಟೈರಿನ ಕಡೆಗಲ್ಲದೆ ಹೊರಗೆ ಮುಖಮಾಡಿರಬೇಕು, ವಿ-ಬಾರ್‌ಗಳೂ ಹೊರಮುಖವಾಗಿರಬೇಕು. ಟೈರಿನ ಮೇಲೆ ಹೊದಿಸಿ, ವಾಹನವನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಮೊದಲು ಒಳಬದಿಯ ಕೊಂಡಿಯನ್ನು, ಬಳಿಕ ಹೊರಬದಿಯದನ್ನು ಸೇರಿಸುವುದು ರೂಢಿ. ಸರಪಳಿ ಏರಿಸಲೆಂದು ಟೈರಿನ ಗಾಳಿ ಇಳಿಸಬಾರದು. ಸುಮಾರು ನೂರು ಮೀಟರು ಓಡಿಸಿ ನಿಲ್ಲಿಸಿ ಮತ್ತೊಮ್ಮೆ ಬಿಗಿಮಾಡಬೇಕು. ಉಳಿದ ಕೊಂಡಿಗಳ ತುದಿ ಜೋತಾಡದಂತೆ ಕಟ್ಟಬೇಕು ಇಲ್ಲವೆ ಕತ್ತರಿಸಬೇಕು. ಜೋತಾಡುವ ತುದಿ ಪ್ರತಿ ಸುತ್ತಿನಲ್ಲಿಯೂ ಮಡ್‌ಗಾರ್ಡಿಗೆ ಬಡಿಯುತ್ತದೆ. ಇದನ್ನೆಲ್ಲ ಮೊದಲ ಬಾರಿ ಮಾಡಿ ನೋಡಬೇಕಾದುದು ಹಿಮ ಬೀಳುವ ಮುನ್ನ, ಹಗಲಿನಲ್ಲಿ, ಬೆಚ್ಚಗಿನ ಗ್ಯಾರೇಜಿನಲ್ಲಿ. ಹೆಪ್ಪುಗಟ್ಟಿದ ಬೆರಳುಗಳಿಂದ ಕೊಂಡಿ ಹುಡುಕುವುದು ಬಹಳ ಕಷ್ಟ.

ಕಾರುಗಳ ಸರಪಳಿಗೆ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರು ಗರಿಷ್ಠ ವೇಗವೆಂದು ಸೂಚಿಸಲಾಗುತ್ತದೆ. ಹಿಮ ತಳ್ಳುವ ಎಟಿವಿಗೆ ನಡಿಗೆಗಿಂತ ತುಸು ಹೆಚ್ಚಿನ ವೇಗ ಸಾಕು. ಸರಪಳಿ ತೊಟ್ಟ ಚಕ್ರವು ಜಾರಿ ತಿರುಗುತ್ತಿದ್ದು ಥಟ್ಟನೆ ಹಿಡಿತ ಪಡೆದರೆ ಆ ಆಘಾತವೆಲ್ಲ ಆಕ್ಸಲ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಥ್ರಾಟಲ್ ಹಗುರವಾಗಿರಬೇಕು. ಹಿಮ ಕರಗಿ ಕಾಂಕ್ರೀಟು ಕಾಣತೊಡಗಿದಾಗ ಸರಪಳಿ ಬಿಚ್ಚಬೇಕು. ರಸ್ತೆಗೆ ಹಾಕಿದ ಉಪ್ಪು ಉಕ್ಕನ್ನು ತಿನ್ನುವುದರಿಂದ ಬಳಕೆಯ ನಂತರ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಿ ಇಡಬೇಕು.

ಭಾರತದ ಹಿಮ ಪ್ರದೇಶಗಳಲ್ಲಿ

ಭಾರತದಲ್ಲಿ ಎಟಿವಿಗಳು ಸಾಮಾನ್ಯವಾಗಿ ರಸ್ತೆ ಬಳಕೆಗೆ ನೋಂದಣಿಯಾಗುವುದಿಲ್ಲ. ನಂದಿ ಬೆಟ್ಟದ ಸುತ್ತಲಿನಂಥ ಸಾಹಸಕ್ರೀಡಾ ತಾಣಗಳಲ್ಲಿ, ತೋಟಗಳಲ್ಲಿ ಮತ್ತು ಗಡಿಯಲ್ಲಿ ಸೇನೆಯ ಕೆಲಸಗಳಲ್ಲಿ ಅವುಗಳನ್ನು ಕಾಣಬಹುದು. ಹಿಮಾಲಯದ ಹೆದ್ದಾರಿಗಳ ಹಿಮ ತೆರವು ಎಟಿವಿಯಿಂದ ಆಗುವ ಕೆಲಸವಲ್ಲ. 1960ರ ಮೇ 7ರಂದು ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯು ಬುಲ್ಡೋಜರುಗಳಿಂದಲೂ ಹಿಮ ಕತ್ತರಿಸುವ ಯಂತ್ರಗಳಿಂದಲೂ ಅದನ್ನು ನಡೆಸುತ್ತದೆ. ಲಡಾಖಿನಲ್ಲಿ ಆ ಸಂಸ್ಥೆಯ ‘ಹಿಮಾಂಕ್’ ಯೋಜನೆ 1985ರಿಂದ ಕೆಲಸ ಮಾಡುತ್ತಿದೆ. ಬುಲ್ಡೋಜರುಗಳನ್ನು ತಯಾರಿಸುವ ಬಿಇಎಂಎಲ್ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೂ ಮಣ್ಣು ತೋಡುವ ಯಂತ್ರಗಳ ಕಾರ್ಖಾನೆ ಕೋಲಾರ ಚಿನ್ನದ ಗಣಿಯಲ್ಲಿಯೂ ಇವೆ.

ಪ್ರವಾಸಿಗರಿಗೆ ಸರಪಳಿ ಎದುರಾಗುವುದು ಮುಖ್ಯವಾಗಿ ಮನಾಲಿಯ ದಾರಿಯಲ್ಲಿ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9.02 ಕಿಲೋಮೀಟರು ಉದ್ದದ ಅಟಲ್ ಸುರಂಗದಿಂದ ಲಾಹೌಲ್ ಕಣಿವೆಗೆ ಚಳಿಗಾಲದಲ್ಲಿಯೂ ಹೋಗಲು ಸಾಧ್ಯವಾಗಿದೆ. ಹೆಚ್ಚು ಹಿಮ ಬಿದ್ದ ದಿನಗಳಲ್ಲಿ ಅಲ್ಲಿನ ಆಡಳಿತವು ನಾಲ್ಕು ಚಕ್ರ ಚಾಲನೆಯ ಮತ್ತು ಸರಪಳಿ ತೊಟ್ಟ ವಾಹನಗಳನ್ನು ಮಾತ್ರ ಮುಂದೆ ಬಿಡುವುದುಂಟು. ಮನಾಲಿಯಲ್ಲಿ ಸರಪಳಿ ಬಾಡಿಗೆಗೂ ದೊರೆಯುತ್ತದೆ. ಅಲ್ಲಿಯೂ ಟೈರಿನ ಅಳತೆ ಹೇಳಿಯೇ ಪಡೆಯಬೇಕು. ಕೆಲವು ದೇಶಗಳಲ್ಲಿ ಇದು ರಸ್ತೆ ಚಿಹ್ನೆಯಿಂದಲೇ ಕಡ್ಡಾಯವಾಗುತ್ತದೆ: ನೀಲಿ ವೃತ್ತದೊಳಗೆ ಸರಪಳಿ ಸುತ್ತಿದ ಟೈರಿನ ಚಿತ್ರವಿರುವ ಫಲಕ ಅದರ ಗುರುತು.

ಊರಿನಿಂದಲೇ ಸಿದ್ಧವಾಗಿ ಹೊರಡಬೇಕೆನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಸಾದಾ ಸರಪಳಿಯನ್ನೋ, ಶಿವಾಜಿನಗರದ ಗುಜರಿಯಲ್ಲಿ ಅಳತೆ ಗೊತ್ತಿಲ್ಲದ ಹಳೆಯ ಜೊತೆಯನ್ನೋ ಕೊಂಡು ಟೈರಿಗೆ ಸುತ್ತಿದರೆ ಸಾಕೆಂದು ಭಾವಿಸಬಾರದು. ಪಕ್ಕದ ಸರಪಳಿಗಳಿಲ್ಲದೆ ಬರಿದೆ ಸುತ್ತಿದ ಸರಪಳಿಯು ಕೆಲವು ಸುತ್ತುಗಳಲ್ಲಿಯೇ ಒಂದು ಬದಿಗೆ ಸರಿದು ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಜೊತೆಯನ್ನು ಕೊಳ್ಳುವುದೇ ಆದರೆ ಪ್ರತಿ ಕೊಂಡಿಯ ಸವೆತವನ್ನೂ ನೋಡಿ, ಟೈರಿಗೆ ತೊಡಿಸಿ, ಹ್ಯಾಂಡಲ್ಲನ್ನು ಅಥವಾ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಹಣ ಕೊಡತಕ್ಕದ್ದು.